ಸೋಡಾದಲ್ಲಿ ಅದ್ದಿದ ಮೇಲೂ ಬ್ಲೇಡಿಗೆ ತುಕ್ಕು ಯಾಕೆ? ಎಚ್ಚಿಂಗ್ ನಂತರದ ದೋಷ ನಿವಾರಣೆ ಕೈಪಿಡಿ

ಬೇರೆ ಬೇರೆ ಉಕ್ಕನ್ನು ಪದರ ಪದರವಾಗಿ ಬೆಸೆದು ಚಾಕು ಮಾಡುವವರು ಚಿತ್ತಾರ ಕಾಣಲಿ ಅಂತ ಬ್ಲೇಡನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುತ್ತಾರೆ. ಇದೇ ಎಚ್ಚಿಂಗ್. ಆ ದ್ರಾವಣವನ್ನೇ ಇಲ್ಲಿ ಆಸಿಡ್ ಅನ್ನುತ್ತೇನೆ. ಆಮೇಲೆ ಆಸಿಡ್ ಸಾಯಲಿ ಅಂತ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ಅದ್ದುತ್ತಾರೆ. ಇವರ ಬಾಯಲ್ಲಿ ಜಾಸ್ತಿ ಕೇಳಿಬರುವ ದೂರು ಒಂದೇ. "ಸೋಡಾ ನೀರಲ್ಲಿ ಅದ್ದಿ ತೆಗೆದೆ, ಆಸಿಡ್ ಸತ್ತಿದೆ, ಆದರೂ ತುಕ್ಕು ಬರುತ್ತಿದೆ." ಅದಕ್ಕೆ ಸಿಗುವ ಸಲಹೆಯೂ ಒಂದೇ: ಇನ್ನಷ್ಟು ಸೋಡಾ ಹಾಕಿ. ಬಹಳ ಸಲ ಈ ಸಲಹೆ ತಪ್ಪು.

ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಫೆರಿಕ್ ಕ್ಲೋರೈಡ್‌ಗೆ ಅಡುಗೆ ಸೋಡಾ ಸೇರಿದಾಗ ಕಬ್ಬಿಣ ಕಂದು ಗಸಿಯಾಗಿ ಕೆಳಗೆ ಕೂರುತ್ತದೆ. ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಟುಹೋಗುತ್ತದೆ. ನೀರಿನಲ್ಲಿ ಉಳಿಯುವುದು ಉಪ್ಪು. ಹೌದು, ನಾವು ಸಾರಿಗೆ ಹಾಕುವ ಉಪ್ಪೇ. ಆಸಿಡ್ ಸತ್ತಿತು, ಅದರಲ್ಲಿದ್ದ ಕ್ಲೋರೈಡ್ ಮಾತ್ರ ಎಲ್ಲಿಗೂ ಹೋಗಲಿಲ್ಲ, ಉಪ್ಪಾಗಿ ಉಳಿಯಿತು. ಉಪ್ಪುನೀರು ಮೆತ್ತಿಕೊಂಡ ಹೈ ಕಾರ್ಬನ್ ಉಕ್ಕು ತುಕ್ಕು ಹಿಡಿಯದೆ ಇನ್ನೇನು ಮಾಡೀತು? ಸೋಡಾ ಅರ್ಧ ಕೆಲಸ. ಚೆನ್ನಾಗಿ ತೊಳೆದು, ಬೇಗ ಒಣಗಿಸಿ, ಎಣ್ಣೆ ಹಚ್ಚುವುದು ಉಳಿದರ್ಧ. ಹಾಗಾಗಿ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲು ಕೇಳಿಕೊಳ್ಳಿ: ಬ್ಲೇಡಿನ ಮೇಲೆ ಉಳಿದಿರುವುದು ಆಸಿಡ್ಡೋ, ಉಪ್ಪೋ, ಬರೀ ನೀರೋ?

ಇಲ್ಲಿ ಹೇಳುವುದೆಲ್ಲ 1084 ಮತ್ತು 15ಎನ್20 ಥರದ ಉಕ್ಕುಗಳನ್ನು ಬೆಸೆದ ಪದರ ಉಕ್ಕಿಗೆ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡಲು ಸಿಗುವ ಫೆರಿಕ್ ಕ್ಲೋರೈಡ್ ಬಳಸಿದವರಿಗೆ. 15ಎನ್20ರಲ್ಲಿ ಸುಮಾರು 2% ನಿಕಲ್ ಇದೆ. ಅದು ಹೊಳೆಯುತ್ತಾ ಉಳಿಯುತ್ತದೆ, 1084 ಕಪ್ಪಾಗುತ್ತದೆ, ಚಿತ್ತಾರ ಕಾಣುತ್ತದೆ.

ಕೈ ಹಾಕುವ ಮುನ್ನ

ಕನ್ನಡಕ ಮತ್ತು ನೈಟ್ರೈಲ್ ಗ್ಲೌಸ್ ಇಲ್ಲದೆ ಈ ಕೆಲಸ ಬೇಡ. ಪುಡಿ ತಂದಿದ್ದರೆ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ. ಜೋರಾಗಿ ಬಿಸಿಯಾಗುತ್ತದೆ, ಮೂಗು ಸುಡುವ ಹಬೆಯೂ ಏಳುತ್ತದೆ. ಪಾತ್ರೆ ಪ್ಲಾಸ್ಟಿಕ್ ಅಥವಾ ಗಾಜಿನದಿರಲಿ. ಅಲ್ಯೂಮಿನಿಯಂ ಬೋಗುಣಿ, ತಗಡಿನ ಬಕೆಟ್ ಬೇಡವೇ ಬೇಡ.

ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಹತ್ತಿರವೂ ಬರಬಾರದು. ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಬೇಗ ಆಗಲಿ ಅಂತ ಕಾಸ್ಟಿಕ್ ಸೋಡಾ ಹಾಕುವವರಿದ್ದಾರೆ. ಅದು ಚರ್ಮ, ಕಣ್ಣು ಎರಡನ್ನೂ ಆಸಿಡ್‌ಗಿಂತ ಕೆಟ್ಟದಾಗಿ ಸುಡುತ್ತದೆ.

ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸೋಡಾ ನೀರು ಹಾಕಬೇಡಿ. ಚರ್ಮಕ್ಕೆ ತಗುಲಿದರೂ ಮೊದಲು ನೀರೇ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸದೆ 108ಕ್ಕೆ ಕರೆ ಮಾಡಿ.

ಸೋಡಾ ನೀರಿನಲ್ಲಿ ಗುಳ್ಳೆಯೇ ಬರಲಿಲ್ಲ

ಇದು ದೋಷವೇ ಅಲ್ಲದಿರಬಹುದು. ಆಸಿಡ್‌ನಿಂದ ತೆಗೆದ ಬ್ಲೇಡನ್ನು ಮೊದಲು ಬಕೆಟ್ ನೀರಲ್ಲಿ ಜಾಲಿಸಿದ್ದರೆ ಹೆಚ್ಚಿನ ಆಸಿಡ್ ಅಲ್ಲೇ ಹೋಗಿರುತ್ತದೆ. ಸೋಡಾಗೆ ಬಂದಾಗ ಗುಳ್ಳೆ ಕಡಿಮೆ. ಅದು ಒಳ್ಳೆಯದೇ.

ಅನುಮಾನ ಇದ್ದರೆ ಒಂದು ಚಮಚ ಸೋಡಾದ ಮೇಲೆ ನಿಂಬೆಹಣ್ಣು ಹಿಂಡಿ. ಬುಸ್ ಅಂದರೆ ಸೋಡಾ ಸರಿಯಿದೆ. ಆದರೆ ಪ್ಯಾಕೆಟ್ ಮೇಲೆ ಬೇಕಿಂಗ್ ಪೌಡರ್ ಅಂತ ಇದೆಯಾ ನೋಡಿ. ಅದರಲ್ಲಿ ಸೋಡಾ ಜೊತೆ ಹುಳಿ ಪುಡಿ, ಹಿಟ್ಟು ಎರಡೂ ಇರುತ್ತವೆ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ಈನೋದಲ್ಲೂ ಸಿಟ್ರಿಕ್ ಆಸಿಡ್ ಇದೆ. ಇವೆರಡೂ ನೀರು ಬಿದ್ದ ತಕ್ಷಣ ತಮ್ಮಷ್ಟಕ್ಕೆ ತಾವೇ ಗುಳ್ಳೆ ಬಿಟ್ಟು ಮುಗಿಯುತ್ತವೆ. ನಮಗೆ ಬೇಕಿರುವುದು ಬರೀ ಅಡುಗೆ ಸೋಡಾ. ಲೀಟರ್ ನೀರಿಗೆ 50 ಗ್ರಾಂ ಸಾಕು. ಬಿಸಿ ಮಾಡದ ಸಾಮಾನ್ಯ ನೀರಿನಲ್ಲಿ 100 ಗ್ರಾಂ ಹತ್ತಿರ ಬಂದರೆ ಕರಗುವುದೇ ನಿಲ್ಲುತ್ತದೆ. ಅದರ ಮೇಲೆ ಹಾಕಿದ್ದು ಸುಮ್ನೆ ತಳದಲ್ಲಿ ಕೂರುತ್ತದೆ.

ಸೋಡಾ ನೀರು ಹಸಿರಾಗಿ, ಆಮೇಲೆ ಕಂದಾಯಿತು. ಬ್ಲೇಡಿನ ಮೇಲೂ ಕಂದು ಪೊರೆ

ನೀರಿನ ಬಣ್ಣಕ್ಕೆ ಹೆದರಬೇಡಿ. ಬಳಸಿದ ಎಚ್ಚಿಂಗ್ ದ್ರವದಲ್ಲಿ ಎರಡು ಥರದ ಕಬ್ಬಿಣ ಇರುತ್ತದೆ. ಒಂದು ಮೊದಲು ಹಸಿರಾಗಿ ಕೂತು ಗಾಳಿ ತಗುಲಿದಂತೆ ಕಂದಾಗುತ್ತದೆ. ಇನ್ನೊಂದು ಶುರುವಿನಿಂದಲೇ ಕಂದು.

ಪೊರೆ ಬ್ಲೇಡಿಗೆ ಅಂಟಿದ್ದರೆ ನೀವು ಆಸಿಡ್‌ನಿಂದ ನೇರವಾಗಿ ಸೋಡಾಗೆ ಇಳಿಸಿದ್ದೀರಿ ಅಂತ ಅರ್ಥ. ಗಸಿ ಕೆಳಗೆ ಹೋಗುವ ಬದಲು ಉಕ್ಕಿನ ಮೇಲೇ ಕೂತಿದೆ. ಕೆಲವರು ನೇರ ಸೋಡಾ ಅನ್ನುತ್ತಾರೆ, ನನ್ನ ಮತ ಮೊದಲು ನೀರು. ಒಂದು ಬಕೆಟ್ ನೀರಲ್ಲಿ ಜೋರಾಗಿ ಜಾಲಿಸಿ, ಆಮೇಲೆ ಸೋಡಾ. ಆಗಲೇ ಪೊರೆ ಕೂತಿದ್ದರೆ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಸೋಡಾ ನೀರಿನೊಳಗೇ ಉಜ್ಜಿ.

ಸೋಡಾ ನೀರು ಕೆಸರಿನಂತಾಗಿದ್ದರೆ ಚೆಲ್ಲುವ ಡಬ್ಬಕ್ಕೆ ಹಾಕಿ ಹೊಸದು ಮಾಡಿಕೊಳ್ಳಿ. ಹತ್ತಿಪ್ಪತ್ತು ರೂಪಾಯಿ ಸೋಡಾ ಉಳಿಸಲು ಹೋಗಿ ವಾರಗಟ್ಟಲೆ ಬಡಿದ ಬ್ಲೇಡು ಕೆಡಿಸಿಕೊಳ್ಳುವುದು ಯಾವ ಲೆಕ್ಕ?

ನೀರಿನಿಂದ ತೆಗೆದು ಐದು ನಿಮಿಷ ಆಗಿಲ್ಲ, ಕಿತ್ತಳೆ ಬಣ್ಣ ಬಂತು

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಇದೇ ದೊಡ್ಡ ತಲೆನೋವು. ಕಾರಣ ನಾಲ್ಕು ಇರಬಹುದು, ಅಗ್ಗದ ಪರೀಕ್ಷೆಯಿಂದ ಶುರು ಮಾಡೋಣ.

ಮೊದಲು ನೀರನ್ನು ಅನುಮಾನಿಸಿ. ಅದೇ ಉಕ್ಕಿನ ಒಂದು ತುಂಡನ್ನು ಸ್ಯಾಂಡ್ ಪೇಪರ್‌ನಲ್ಲಿ ಹೊಳೆಯುವ ಹಾಗೆ ಉಜ್ಜಿ. ಅದಕ್ಕೆ ಆಸಿಡ್ ತಾಗಿಸಲೇಬೇಡಿ. ಅದೇ ನಲ್ಲಿ ನೀರಲ್ಲಿ ಅದ್ದಿ, ಬ್ಲೇಡಿನ ಪಕ್ಕದಲ್ಲೇ ಒಣಗಲು ಬಿಡಿ. ಆ ತುಂಡೂ ಅಷ್ಟೇ ಬೇಗ ಕಿತ್ತಳೆಯಾದರೆ ತಪ್ಪು ಸೋಡಾದ್ದಲ್ಲ, ನೀರಿನದ್ದು. ತುಂಡು ಚೆನ್ನಾಗಿದ್ದು ಬ್ಲೇಡು ಮಾತ್ರ ಕೆಟ್ಟರೆ ಆಸಿಡ್ ಅಥವಾ ಉಪ್ಪು ಉಳಿದಿದೆ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ.

ಕೋಲಾರ, ಚಿಂತಾಮಣಿ, ಪಾವಗಡ, ಸಿರಾ ಕಡೆ ಆಳದ ಬೋರ್‌ವೆಲ್ ನೀರು ಎಂಥದ್ದು ಅಂತ ಬಚ್ಚಲುಮನೆಯ ನಲ್ಲಿ ನೋಡಿದರೇ ಗೊತ್ತಾಗುತ್ತದೆ, ಅಲ್ವಾ? ಫ್ಲೋರೈಡ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬ್ಲೇಡಿಗೆ ಕಾಟ ಕೊಡುವುದು ಅದರ ಜೊತೆಗಿರುವ ಉಪ್ಪು ಮತ್ತು ಗಡಸುತನ. ಆ ನೀರಿನ ಒಂದು ಲೋಟಕ್ಕೆ ಚಿಟಿಕೆ ವಾಷಿಂಗ್ ಸೋಡಾ ಹಾಕಿ ನೋಡಿ. ಹಾಲು ಬೆರೆಸಿದ ಹಾಗೆ ಮಬ್ಬಾದರೆ ಗಡಸು ನೀರು.

ಪರಿಹಾರ ಹತ್ತಿರದಲ್ಲೇ ಇದೆ. ಮೊದಲ ಎರಡು ತೊಳೆತ ಬೋರ್ ನೀರಲ್ಲೇ ಆಗಲಿ. ಕೊನೆಯ ಎರಡು ತೊಳೆತಕ್ಕೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಆರ್‌ಒ ನೀರು ಬಳಸಿ. ಅದಕ್ಕಿಂತ ಒಳ್ಳೆಯದು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್. ಕ್ಯಾನ್ ಮೇಲಿನ ಚೀಟಿ ಓದಿ ತನ್ನಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಅಂಥದ್ದೇ ಕ್ಯಾನ್‌ನಲ್ಲಿ ಇಟ್ಟಿರುತ್ತಾರೆ. ಅದು ಗಂಧಕಾಮ್ಲ.

ನೀರು ಸರಿಯಿದೆ ಅಂತಾದರೆ ಎರಡನೆಯ ಅನುಮಾನ ಆಸಿಡ್ ಮೇಲೆ. ಬ್ಲೇಡಿನ ಮೇಲೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು, ಒಂದು ನಿಮಿಷ ಕಾದು, ಪಿಎಚ್ ಪೇಪರ್ (ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಕಾಗದ) ತಾಗಿಸಿ. 7ರಿಂದ 8.5 ಬಂದರೆ ಆಸಿಡ್ ಹೋಗಿದೆ. 6ಕ್ಕಿಂತ ಕೆಳಗಿದ್ದರೆ ಸೋಡಾದಲ್ಲಿ ಇನ್ನೂ ಹತ್ತು ನಿಮಿಷ ಇಡಿ. ಬೋರ್ ನೀರಿನ ಹನಿಯಲ್ಲಿ ಈ ಪರೀಕ್ಷೆ ಮಾಡಬೇಡಿ. ಆ ನೀರೇ ಕ್ಷಾರದ ಕಡೆ ಇರುತ್ತದೆ, ಉಳಿದ ಆಸಿಡನ್ನು ಮುಚ್ಚಿಹಾಕುತ್ತದೆ.

ಮೂರನೆಯದು ಉಪ್ಪು. ಪಿಎಚ್ ಪೇಪರ್ ಇದನ್ನು ಹೇಳುವುದೇ ಇಲ್ಲ. ಗೊತ್ತಿರುವವರು ಯಾರಾದರೂ ಸೈನ್ಸ್ ಕಾಲೇಜಿನ ಲ್ಯಾಬಿನಲ್ಲಿದ್ದರೆ ಕೊನೆಯ ತೊಳೆತದ ನೀರನ್ನು ಚಿಕ್ಕ ಬಾಟಲಿಯಲ್ಲಿ ಕೊಟ್ಟು ಸಿಲ್ವರ್ ನೈಟ್ರೇಟ್ ಪರೀಕ್ಷೆ ಮಾಡಿಸಿ. ಬೆಳ್ಳಗೆ ಮಬ್ಬಾದರೆ ಕ್ಲೋರೈಡ್ ಇನ್ನೂ ಬರುತ್ತಿದೆ. ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರ್‌ನಲ್ಲಿ ಆಗಿದ್ದರೆ ಮಾತ್ರ ಇದಕ್ಕೆ ಬೆಲೆ. ಬೋರ್ ನೀರು ಬ್ಲೇಡು ತಾಗದೆಯೂ ಮಬ್ಬಾಗುತ್ತದೆ. ಲ್ಯಾಬ್ ಗೊಡವೆ ಬೇಡವಾದರೆ ಪರೀಕ್ಷೆ ಬಿಡಿ, ಇನ್ನೆರಡು ಸಲ ತೊಳೆದುಬಿಡಿ.

ಕೊನೆಯದು ನಿಧಾನ. ಎಲ್ಲ ಸರಿಯಾಗಿದ್ದರೂ ಒದ್ದೆ ಬ್ಲೇಡನ್ನು ಕಟ್ಟೆ ಮೇಲಿಟ್ಟು ಫೋಟೊ ತೆಗೆಯುತ್ತಾ ನಿಂತರೆ ತುಕ್ಕು ಬರುತ್ತದೆ. ಈಗಷ್ಟೇ ಎಚ್ ಆದ ಮೈಗೆ ಯಾವ ರಕ್ಷಣೆಯೂ ಇಲ್ಲ. ನನಗೆ ಹಿಡಿಸಿದ ದಾರಿ ಬಿಸಿನೀರು. ಅಡುಗೆಗೆ ಬಳಸದ ಸ್ಟೀಲ್ ಪಾತ್ರೆಯಲ್ಲಿ ಡಿಸ್ಟಿಲ್ಡ್ ವಾಟರ್ ಕುದಿಸಿ, ತೊಳೆದ ಬ್ಲೇಡನ್ನು ಐದರಿಂದ ಹತ್ತು ನಿಮಿಷ ಮುಳುಗಿಸಿ. ಉಳಿದ ಉಪ್ಪು ಕರಗಿ ಬರುತ್ತದೆ. ಹೊರತೆಗೆದಾಗ ಬ್ಲೇಡಿನ ಬಿಸಿಗೇ ನೀರು ಹಾರಿಹೋಗುತ್ತದೆ. ಅಷ್ಟರಲ್ಲಿ ಬಂದಿದ್ದ ತೆಳು ಕೆಂಪು ತುಕ್ಕು ಕುದಿನೀರಲ್ಲಿ ಕಪ್ಪಾಗುತ್ತದೆ. ಹಳೇ ಬಂದೂಕಿನ ನಳಿಗೆಗೆ ಬಣ್ಣ ಕೊಡುವವರು ಇದನ್ನೇ ಬೇಕಂತಲೇ ಮಾಡುತ್ತಾರೆ. 100 ಡಿಗ್ರಿಯಿಂದ ಹದ ಕೆಡುವುದಿಲ್ಲ. ಎಪಾಕ್ಸಿ ಹಾಕಿ ಹಿಡಿಕೆ ಕೂರಿಸಿದ ಚಾಕುವನ್ನು ಮಾತ್ರ ಕುದಿಸಬೇಡಿ, ಅಂಟು ಮೆತ್ತಗಾಗುತ್ತದೆ.

ಒಣಗಿದ ಮೇಲೆ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಿ. ಅಡುಗೆ ಚಾಕುವಾದರೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್ ಸಾಕು. ಕಡಲೆಕಾಯಿ ಎಣ್ಣೆ ದಿನ ಕಳೆದಂತೆ ಅಂಟಾಗುತ್ತದೆ. ಹೊಂಗೆ ಎಣ್ಣೆ ತಿನ್ನುವ ಪದಾರ್ಥ ಮುಟ್ಟುವ ಬ್ಲೇಡಿಗೆ ಬೇಡ.

ಒಣಗಿದ ಮೇಲೆ ಬಿಳಿ ಪುಡಿ, ಬಿಳಿ ಕಲೆ

ಒದ್ದೆ ಬೆರಳಲ್ಲಿ ಉಜ್ಜಿ. ಕರಗಿ ಹೋದರೆ ಉಳಿದ ಸೋಡಾ ಅಥವಾ ಉಪ್ಪು, ಇನ್ನೊಂದು ಸಲ ತೊಳೆಯಿರಿ. ಕರಗದೆ ನಿಂತರೆ ಗಡಸು ನೀರಿನ ಸುಣ್ಣ. ಸುಣ್ಣಕ್ಕೆ ವಿನೆಗರ್ ಹಾಕಿದರೆ ಬಿಡುತ್ತದೆ ನಿಜ, ಆದರೆ ಚಿತ್ತಾರದ ಮೇಲೆ ಮತ್ತೆ ಹುಳಿ ಬಿದ್ದಂತೆ. ಎಣ್ಣೆ ಹಾಕಿದ ಬಟ್ಟೆಯಲ್ಲಿ ಉಜ್ಜಿ ತೆಗೆಯುವುದೇ ವಾಸಿ.

ಕೈಗೆ ಕಪ್ಪು ಹತ್ತುತ್ತದೆ, ಒರೆಸಿದರೆ ಚಿತ್ತಾರವೇ ಮಾಸುತ್ತದೆ

ಎಚ್ಚಿಂಗ್ ಮುಗಿದಾಗ ಮೇಲೆ ಕೂತ ಕಪ್ಪಿನಲ್ಲಿ ಒಂದು ಪಾಲು ಸಡಿಲವಾದ ಮಸಿ. ಅದು ಹೋಗಲೇಬೇಕು. ಸೋಡಾದಿಂದ ತೆಗೆದ ತಕ್ಷಣ ಒರಟಾಗಿ ಉಜ್ಜಿದರೆ ಮಸಿಯ ಜೊತೆ ಗಟ್ಟಿ ಪದರವೂ ಏಳುತ್ತದೆ. ಸೋಡಾ ನೀರಲ್ಲಿ ಅಲುಗಾಡಿಸದೆ ಸ್ವಲ್ಪ ಹೊತ್ತು ಬಿಟ್ಟು, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಒಂದು ರಾತ್ರಿ ಇಡಿ. ಆಮೇಲೆ ಮೆತ್ತನೆ ಬಟ್ಟೆ.

ಒರೆಸಿದ ಮೇಲೆ ಉಗುರು ಎಳೆದರೆ ಪದರಗಳ ಏರುತಗ್ಗು ತಿಳಿಯಬೇಕು. ತಿಳಿಯದಿದ್ದರೆ ಎಚ್ ಆಳವಾಗಿಲ್ಲ. ಅದು ಸೋಡಾದ ತಪ್ಪಲ್ಲ, ಮತ್ತೆ ಅದ್ದಬೇಕು. ಮೂರು ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್‌ಗೆ ಒಂದು ಪಾಲು ಗಟ್ಟಿ ದ್ರಾವಣ ಹಾಕಿ ತೆಳುವಾಗಿಸಿದರೆ ನಿಧಾನವಾಗಿ, ಅಂದವಾಗಿ ಕಡಿಯುತ್ತದೆ. ಗಟ್ಟಿ ದ್ರಾವಣ ಎಲ್ಲ ಪದರವನ್ನೂ ಒಟ್ಟಿಗೆ ತಿನ್ನುತ್ತದೆ.

ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕಿನ ಬ್ಲೇಡಾದರೆ ಲೆಕ್ಕವೇ ಬೇರೆ. 1800ರಲ್ಲಿ ಮಧುಗಿರಿ, ಚನ್ನರಾಯನದುರ್ಗದ ಸೀಮೆಯಲ್ಲಿ ತಿರುಗಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಯವರು ಹಳ್ಳದ ಕರಿಮರಳಿನಿಂದ ಕಬ್ಬಿಣ ಕಾಸಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮೂಸೆ ಉಕ್ಕಿನ ಚಿತ್ತಾರ ನಿಕಲ್ ಪದರದಿಂದ ಬರುವುದಲ್ಲ, ಉಕ್ಕಿನೊಳಗಿನ ಸಣ್ಣ ಕಾರ್ಬೈಡ್ (ಇಂಗಾಲ ಸೇರಿದ ಗಡಸು ಕಣ) ಸಾಲುಗಳಿಂದ ಬರುವುದು. ಅದಕ್ಕೆ ಇನ್ನೂ ತೆಳು ದ್ರಾವಣ, ಇನ್ನೂ ಕಡಿಮೆ ಹೊತ್ತು ಸಾಕು. ಹಳೆಯ, ಮನೆತನದ ಕತ್ತಿಯಾದರೆ ಮುಟ್ಟಲೇಬೇಡಿ.

ಟೊಮೆಟೊ ಹೆಚ್ಚಿದ ಮೇಲೆ ಬಣ್ಣ ಬದಲಾಯಿತು

ಇದು ಎಚ್ಚಿಂಗ್ ದೋಷವಲ್ಲ. ಟೊಮೆಟೊ, ಹುಣಸೆ, ಮಾವಿನಕಾಯಿ ಎಲ್ಲವೂ ಹುಳಿ. ಹೈ ಕಾರ್ಬನ್ ಉಕ್ಕು ಹುಳಿ ಕಂಡರೆ ಬಣ್ಣ ಬದಲಿಸುತ್ತದೆ. ಕೋಲಾರದಲ್ಲಿ ಕೂತು ಟೊಮೆಟೊ ಹೆಚ್ಚಬೇಡಿ ಅನ್ನಲು ಆಗುತ್ತದೆಯೇ? ಹೆಚ್ಚಿದ ಕೂಡಲೇ ತೊಳೆದು ಒರೆಸಿ, ಅಷ್ಟೇ.

ಆಯುಧಪೂಜೆ ದಿನ ಬ್ಲೇಡಿಗೆ ನಿಂಬೆಹಣ್ಣು ಚುಚ್ಚಿ ಕುಂಕುಮ ಹಚ್ಚಿ ರಾತ್ರಿಯಿಡೀ ಬಿಟ್ಟರೂ ಇದೇ ಕಥೆ. ಮಾರನೇ ದಿನ ನಿಂಬೆಯ ದುಂಡನೆ ಗುರುತು ಚಿತ್ತಾರದ ನಡುವೆ ಕೂತಿರುತ್ತದೆ. ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಹಚ್ಚಿದರೆ ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆ ಶುರುವಾದಾಗ ಹಿಡಿಕೆ ಸಂದಿಯಿಂದ ತುಕ್ಕು ಇಳಿಯಿತು

ನಿಜವಾಗಿ ಕಷ್ಟ ಕೊಡುವ ದೋಷ ಇದು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಅರೆಬರೆ ತೊಳೆದ ಬ್ಲೇಡೂ ಹೊಳೆಯುತ್ತಿರುತ್ತದೆ. ಸಂದಿಯೊಳಗೆ ಉಳಿದ ಕಬ್ಬಿಣದ ಕ್ಲೋರೈಡ್ ಮಾತ್ರ ಕಾಯುತ್ತಿರುತ್ತದೆ. ಗಾಳಿಯಲ್ಲಿ ತೇವ ಬಂದ ಕೂಡಲೇ ಅದನ್ನು ಎಳೆದುಕೊಂಡು ಕೆಲಸ ಶುರು ಮಾಡುತ್ತದೆ. ಹುಳುಕು ಹಲ್ಲಲ್ಲಿ ಸಿಕ್ಕ ಅನ್ನದಗುಳಿನ ಹಾಗೆ, ಮೇಲಿಂದ ಎಷ್ಟು ಮುಕ್ಕಳಿಸಿದರೂ ಅದು ಬರುವುದಿಲ್ಲ.

ಮೊದಲು ತುಕ್ಕು ಒರೆಸಿ, ಎಣ್ಣೆ ಹಚ್ಚಿ, ತೇವ ಇರುವ ಜಾಗದಲ್ಲಿ ಒಂದೆರಡು ದಿನ ಬಿಟ್ಟು ನೋಡಿ. ಅದೇ ಜಾಗದಲ್ಲಿ ಹಳದಿ ಮಿಶ್ರಿತ ಕಂದು ಹನಿ ಮತ್ತೆ ಕಂಡರೆ ಒಳಗೆ ಕ್ಲೋರೈಡ್ ಇದೆ ಅಂತಲೇ ಲೆಕ್ಕ. ಬೇರೆ ದಾರಿಯಿಲ್ಲ, ಹಿಡಿಕೆ ಬಿಚ್ಚಬೇಕು. ಬಿಚ್ಚಿದ ಮೇಲೆ ಲೀಟರ್‌ಗೆ 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ಡಿಸ್ಟಿಲ್ಡ್ ವಾಟರ್‌ನಲ್ಲಿ ಬ್ಲೇಡನ್ನು ಮುಳುಗಿಸಿಡಿ. ಅಡುಗೆ ಸೋಡಾಗಿಂತ ಇದು ಜಾಸ್ತಿ ಕ್ಷಾರ. ಮುಳುಗಿರುವಷ್ಟು ಹೊತ್ತು ಉಕ್ಕು ತುಕ್ಕು ಹಿಡಿಯುವುದಿಲ್ಲ, ಕ್ಲೋರೈಡ್ ನಿಧಾನವಾಗಿ ಹೊರಬರುತ್ತದೆ. ದಿನಕ್ಕೊಮ್ಮೆ ದ್ರಾವಣ ಬದಲಿಸಿ, ಎರಡು ಮೂರು ದಿನ ಬಿಡಿ. ಆಮೇಲೆ ಕುದಿನೀರು, ಒಣಗಿಸುವುದು, ಎಣ್ಣೆ. ಗ್ಲೌಸ್ ಇಲ್ಲಿಯೂ ಬೇಕು.

ಮುಂದಿನ ಸಲಕ್ಕೆ ಒಂದು ಮಾತು. ಹಿಡಿಕೆ ಮತ್ತು ಗಾರ್ಡ್ ಕೂರಿಸುವ ಮುಂಚೆಯೇ ಎಚ್ಚಿಂಗ್ ಮುಗಿಸಿ. ರಿವೆಟ್ ತೂತುಗಳ ಒಳಗೂ ಬ್ರಷ್ ಆಡಿಸಿ.

ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ತುಕ್ಕು

ಬ್ಲೇಡಿನ ನಡುವೆ, ಪದರದ ಸಾಲಿನಲ್ಲೇ, ತೆಳು ಗೆರೆಯಾಗಿ ತುಕ್ಕು ಕಾಣಿಸುತ್ತಿದ್ದರೆ ಪದರ ಪೂರ್ತಿ ಬೆಸೆದಿಲ್ಲ ಅನ್ನುವ ಅನುಮಾನ. ಆಸಿಡ್ ಆ ಬಿರುಕಿನೊಳಗೆ ಹೋಗಿದೆ. ಸ್ಪಿರಿಟ್ ಹಚ್ಚಿ ಒರೆಸಿ ನೋಡಿ. ಮೈ ಎಲ್ಲ ಒಣಗಿದರೂ ಆ ಗೆರೆ ಮಾತ್ರ ಒದ್ದೆಯಾಗಿ ಉಳಿದರೆ ಅನುಮಾನ ಗಟ್ಟಿ. ಸ್ಪಿರಿಟ್ ಬಳಸುವಾಗ ಕುಲುಮೆ, ಗ್ರೈಂಡರ್ ಕಿಡಿ ಹತ್ತಿರ ಇರಬಾರದು.

ಇಲ್ಲಿ ಸೋಡಾ ಆಟ ನಿಲ್ಲಿಸಿ. ಗೆರೆ ಮೇಲ್ಮೈಯದ್ದೇ ಆದರೆ ಉಜ್ಜಿ ತೆಗೆಯಬಹುದು, ಆಳದ್ದಾದರೆ ಬ್ಲೇಡು ಕೆಲಸಕ್ಕೆ ಬಾರದು. ಯಾವುದು ಅಂತ ತಿಳಿಯಲು ವೆಲ್ಡಿಂಗ್ ತಪಾಸಣೆ ಮಾಡುವವರ ಹತ್ತಿರ ಡೈ ಪೆನಿಟ್ರೆಂಟ್ ಪರೀಕ್ಷೆ (ಬಿರುಕಿಗೆ ಬಣ್ಣ ಇಳಿಸಿ ನೋಡುವುದು) ಮಾಡಿಸಿ. ಪೀಣ್ಯದವರೆಗೆ ಹೋಗಬೇಕಾಗಬಹುದು, ಹೋಗಿ.

ತೊಳೆದಿಟ್ಟ ಬ್ಲೇಡು ಮಾರನೇ ದಿನ 'ಟಿಣ್' ಅಂದು ಬಿರಿಯಿತು

ಫೆರಿಕ್ ಕ್ಲೋರೈಡ್‌ನಲ್ಲಿ ಇದು ಅಪರೂಪ. ಟಾಯ್ಲೆಟ್ ಆಸಿಡ್ ಅಥವಾ ಬ್ಯಾಟರಿ ಆಸಿಡ್ ಬಳಸಿದವರಿಗೆ ಅಪಾಯ ಜಾಸ್ತಿ. ಅಲ್ಲಿ ಹುಟ್ಟುವ ಹೈಡ್ರೋಜನ್ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಸೋಡಾ ಇದನ್ನು ಹೊರತೆಗೆಯುವುದಿಲ್ಲ. ಬಿರಿಯದ ಬ್ಲೇಡಾದರೆ ತೊಳೆದ ಕೆಲವೇ ಗಂಟೆಯೊಳಗೆ 180-190 ಡಿಗ್ರಿಯಲ್ಲಿ ನಾಲ್ಕು ಗಂಟೆ ಬಿಸಿ ಮಾಡಿದರೆ ಹೈಡ್ರೋಜನ್ ಹೊರಬರುತ್ತದೆ. ಗಡಸು ಮಾಡಿದ ಬ್ಲೇಡನ್ನು ಹದಕ್ಕೆ ತರಲು (ಟೆಂಪರ್) ನೀವು ಕೊಟ್ಟ ಬಿಸಿಯನ್ನು ದಾಟಬಾರದು. ಓವನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬದೆ ಬೇರೆ ಥರ್ಮಾಮೀಟರ್ ಇಡಿ.

ಬಿರಿದದ್ದು ಬಿರಿದದ್ದೇ. ಅದನ್ನು ಬಳಸಬೇಡಿ, ಮಾರಲೂಬೇಡಿ.

ಶೆಡ್ಡಿನಲ್ಲಿರುವ ಬೇರೆ ಸಾಮಾನಿಗೂ ತುಕ್ಕು

ಆಸಿಡ್ ಡಬ್ಬದ ಮುಚ್ಚಳ ಸರಿಯಿಲ್ಲ. ಹಬೆ ತಗುಲಿ ಡ್ರಿಲ್ ಬಿಟ್, ಲೇತ್, ಸುತ್ತಿಗೆ ಎಲ್ಲ ಕೆಂಪಾಗುತ್ತವೆ. ಬಳಸದ ದ್ರಾವಣವನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ, ಬೇರೆ ಜಾಗದಲ್ಲಿಡಿ.

ಚೆಲ್ಲಲು ಇಟ್ಟ ಕ್ಯಾನ್ ಉಬ್ಬಿದೆ

ಮುಖ ದೂರವಿಟ್ಟು, ಕನ್ನಡಕ ಹಾಕಿಕೊಂಡು, ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. 100 ಗ್ರಾಂ ಫೆರಿಕ್ ಕ್ಲೋರೈಡ್ ಪೂರ್ತಿ ಸಾಯಲು ಸುಮಾರು 155 ಗ್ರಾಂ ಅಡುಗೆ ಸೋಡಾ ಬೇಕು, 40 ಲೀಟರ್‌ಗೂ ಮಿಕ್ಕಿ ಗ್ಯಾಸ್ ಬರುತ್ತದೆ. ಅದನ್ನು ಬಾಟಲಿಯಲ್ಲಿ ಬಿಗಿದರೆ ಒಡೆಯದೆ ಇರುತ್ತದೆಯೇ? ಅಗಲ ಬಾಯಿಯ ಟಬ್‌ನಲ್ಲಿ, ಬಯಲಲ್ಲಿ, ಸೋಡಾವನ್ನು ಚಮಚ ಚಮಚವಾಗಿ ಹಾಕಿ. ನೊರೆ ಇಳಿದ ಮೇಲೆ ಮುಂದಿನ ಚಮಚ. ಪಿಎಚ್ 7-8ಕ್ಕೆ ಬಂದು ಗುಳ್ಳೆ ನಿಂತ ಮೇಲೂ ಒಂದು ದಿನ ತೆರೆದೇ ಇಡಿ.

ಆಮೇಲೂ ಅದನ್ನು ಚರಂಡಿಗೆ, ಕೆರೆಗೆ, ಹೊಲಕ್ಕೆ ಸುರಿಯಬೇಡಿ. 15ಎನ್20 ಕರಗಿದ್ದರಿಂದ ಅದರಲ್ಲಿ ನಿಕಲ್ ಇದೆ. ಮಳೆನೀರಿನ ಇಂಗುಗುಂಡಿಗೆ ಹಾಕಿದರಂತೂ ನೇರ ನಿಮ್ಮದೇ ಬೋರ್‌ಗೆ ಇಳಿಸಿದಂತೆ. ಟಬ್ಬನ್ನು ಮಳೆ ಬೀಳದ, ದನ ನಾಯಿ ಬಾಯಿ ಹಾಕದ ಜಾಗದಲ್ಲಿ ಬಿಸಿಲಿಗಿಡಿ. ನೀರೆಲ್ಲ ಆರಿದ ಮೇಲೆ ಉಳಿದ ಗಸಿಯನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಅಪಾಯಕಾರಿ ತ್ಯಾಜ್ಯ ಸಂಗ್ರಹಕಾರರಿಗೇ ಅದನ್ನು ಕೊಡಬೇಕು. ಕೈಗಾರಿಕಾ ಪ್ರದೇಶದಲ್ಲಿ ಪ್ಲೇಟಿಂಗ್ ಕೆಲಸದವರನ್ನು ಕೇಳಿದರೆ ಯಾರು ಬಂದು ಒಯ್ಯುತ್ತಾರೆ ಅಂತ ಹೇಳುತ್ತಾರೆ. ಅಲ್ಲಿಯವರೆಗೆ ಚೀಲದ ಮೇಲೆ ಒಳಗೇನಿದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿಡಿ.